4 ರೂಪಾಯಿ 82 ಪೈಸೆ

ನಮ್ಮ ಮನೆಯ ಕಂಪ್ಯೂಟರಿಗೆ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಬಿಲ್ಲು ಹುಡುಕಲು ಹೋಗುವುದಿಲ್ಲ, ಸಿಪಿಯು ಡಬ್ಬದ ನೆತ್ತಿ ನೋಡುತ್ತೇನೆ. ಪ್ರತಿ ಆಯುಧಪೂಜೆಗೂ ನನ್ನ ಹೆಂಡತಿ ಅಲ್ಲಿ ಅರಿಶಿನ ಕುಂಕುಮ ಇಟ್ಟು, ಡಿವಿಡಿ ಹಾಕುವ ಬಾಗಿಲಿನ ಸಂದಿಗೆ ಒಂದು ಸೇವಂತಿಗೆ ಸಿಕ್ಕಿಸುತ್ತಾಳೆ. ಹೂವು ಬಾಡಿ ಬೀಳುತ್ತದೆ, ಕುಂಕುಮ ಉಳಿಯುತ್ತದೆ. ಹದಿನಾಲ್ಕು ಪೂಜೆಗಳ ಕುಂಕುಮ ಒಂದರ ಮೇಲೊಂದು ಕೂತು, ಈಗ ಆ ಡಬ್ಬ ಗಡಿಯಲ್ಲಿ ನಿಂತ ಗ್ರಾಮದೇವತೆಯ ಕಳೆ ಪಡೆದುಕೊಂಡಿದೆ. ರಿಪೇರಿಗೆ ಬರುವ ಹುಡುಗರು ಚಪ್ಪಲಿ ಬಿಟ್ಟೇ ಮುಟ್ಟುತ್ತಾರೆ.

2025ರ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂದಿತ್ತು. ಅದಾಗಿ ಸರಿಯಾಗಿ ಹದಿಮೂರು ದಿನಕ್ಕೆ, ಅಕ್ಟೋಬರ್ 14ರಂದು, ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ನಿಂತಿತು. ಹದಿಮೂರನೆಯ ದಿನ ಏನು ಮಾಡುತ್ತಾರೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಂಡೋಸ್ 11 ಹಾಕಿಕೊಂಡರೆ ಆಯಿತಲ್ಲ ಎಂದು ನಾನೂ ಅಂದುಕೊಂಡೆ. ಅದಕ್ಕೆ ಇಂಟೆಲಿನದಾದರೆ ಎಂಟನೇ ತಲೆಮಾರಿನ ಅಥವಾ ಅದಕ್ಕೂ ಈಚಿನ ಪ್ರೊಸೆಸರ್ ಬೇಕಂತೆ, ಜೊತೆಗೆ ಟಿಪಿಎಂ 2.0 ಎಂಬ ಕಾವಲುಗಾರನೂ ಇರಬೇಕಂತೆ. ನಮ್ಮದು ಐ3, ಎರಡನೇ ತಲೆಮಾರು. ಮನುಷ್ಯರಲ್ಲಾದರೆ ಏಳು ತಲೆಮಾರಿನೊಳಗೆ ಸೂತಕವಾದರೂ ಇರುತ್ತದೆ. ಇಲ್ಲಿ ಆರೇ ತಲೆಮಾರಿನ ಅಂತರಕ್ಕೆ ಗುರುತೇ ಇಲ್ಲ ಅಂದುಬಿಟ್ಟರು.

ಬೆಂಬಲ ನಿಂತದ್ದು ಯಂತ್ರಕ್ಕೂ ಹೇಗೋ ಗೊತ್ತಾಯಿತೆಂದು ಕಾಣುತ್ತದೆ. ಅದೇ ತಿಂಗಳು ಅದಕ್ಕೆ ಮರೆವು ಶುರುವಾಯಿತು. ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಕೊಂಡು ಬರುವುದು ನನ್ನ ಹೆಂಡತಿಯ ನೇಮ. ಬೆಳಿಗ್ಗೆ ಆನ್ ಮಾಡಿದರೆ ತಾರೀಕು 2011ರ ಜನವರಿ 1. ದಿನವೂ ಅದೇ. ನಾನು ಅದನ್ನು ಕೊಂಡದ್ದೇ 2012ರ ಗೌರಿ ಹಬ್ಬದ ವಾರ. ಅಂದರೆ ದಿನಾ ಬೆಳಿಗ್ಗೆ ಅದು ನಮ್ಮ ಮನೆಗೆ ಬರುವುದಕ್ಕಿಂತ ಮುಂಚಿನ ತವರಿಗೆ ಹೋಗಿ ಕೂರುತ್ತಿತ್ತು. ಬ್ಯಾಂಕಿನ ಪುಟ ತೆರೆದರೆ, ಈ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ ಎಂಬ ತಕರಾರು. 2011ರಲ್ಲಿ ಕೂತು 2025ರ ಕರೆಂಟ್ ಬಿಲ್ಲು ಕಟ್ಟುತ್ತೇನೆ ಅಂದರೆ ಯಾವ ಬ್ಯಾಂಕು ತಾನೇ ನಂಬೀತು? ಕಾಫಿ ಲೋಟ ಇಡಲು ಬಂದ ಹೆಂಡತಿ ಪರದೆ ನೋಡಿ, “ಹ್ಯಾಪಿ ನ್ಯೂ ಇಯರ್ ರೀ” ಅಂದು ಹೋದಳು. ಮೂರು ದಿನ ನಕ್ಕೆ. ನಾಲ್ಕನೇ ದಿನ ಯಂತ್ರ ಏಳಲೇ ಇಲ್ಲ, ಉದ್ದಕ್ಕೆ ಒಂದೇ ಸಮ ಕೂಗತೊಡಗಿತು.

ಆ ಕೂಗಿಗೆ ಮೊದಲು ಓಡಿಬಂದವರು ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು. ರಿಪೇರಿಯೋ ಹೊಸದೋ ಎಂಬ ಪ್ರಶ್ನೆಗೆ ಭಾವನೆ ಬೇಡ, ಪುಸ್ತಕ ಬೆಲೆ ನೋಡೋಣ ಅಂದರು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 40ರ ಸವಕಳಿ, ಹಿಂದೆ ಶೇಕಡಾ 60 ಇತ್ತು. ಮನೆಯ ಕಂಪ್ಯೂಟರಿಗೆ ಈ ಲೆಕ್ಕ ಯಾರೂ ಕೇಳುವುದಿಲ್ಲ ಎಂದು ನಾನು ಹೇಳುವುದರೊಳಗೆ ಅವರು ಹಾಲಿನ ಕೂಪನ್ನಿನ ಹಿಂಭಾಗದಲ್ಲಿ ಬರೆಯಲು ತೊಡಗಿದ್ದರು. ಕೊಂಡ ಬೆಲೆ 28,000. ಮೊದಲ ಐದು ವರ್ಷ 60ರ ದರದಲ್ಲಿ ಕಳೆದು 287 ರೂಪಾಯಿಗೆ ಇಳಿಸಿದರು. ಮುಂದಿನ ಎಂಟು ವರ್ಷ 40ರ ದರ. ಕೊನೆಗೆ ಅಡಿಗೆರೆ ಎಳೆದು ಕೂಪನ್ನನ್ನು ನನ್ನ ಕೈಗಿತ್ತರು: 2025ರ ಮಾರ್ಚ್ 31ಕ್ಕೆ ನಮ್ಮ ಕಂಪ್ಯೂಟರಿನ ಬೆಲೆ 4 ರೂಪಾಯಿ 82 ಪೈಸೆ. “ಇದಕ್ಕೆ ನೂರು ರೂಪಾಯಿ ಖರ್ಚು ಮಾಡೋಕೂ ನಾನು ಸಾಲ ಮಂಜೂರು ಮಾಡ್ತಿರಲಿಲ್ಲ” ಅಂದರು. ನಾನು ಸಾಲ ಕೇಳಿರಲಿಲ್ಲ.

ಆದರೆ ಅವರ ಲೆಕ್ಕದಲ್ಲಿ ಒಂದು ತಪ್ಪಿತ್ತು. 28,000ಕ್ಕೆ ಕೊಂಡದ್ದರಲ್ಲಿ ಈಗ ಉಳಿದಿರುವುದಾದರೂ ಏನು? 2014ರಲ್ಲಿ ಕೀಬೋರ್ಡಿಗೆ ಚಹಾ ಕುಡಿಸಿದ್ದೆವು, ಅದು ಬದಲಾಯಿತು. ಒಂದು ಗುಡುಗಿನ ಸಂಜೆ ಎಸ್‌ಎಂಪಿಎಸ್ ಸುಟ್ಟ ವಾಸನೆ ಬಿಟ್ಟಿತು, ಅದೂ ಬದಲಾಯಿತು. ತಿರುಗುವ ಹಾರ್ಡ್ ಡಿಸ್ಕ್ ಒಂದು ದಿನ ಕಟಕಟ ಹಲ್ಲು ಕಡಿಯಿತೆಂದು ಎಸ್‌ಎಸ್‌ಡಿ ಹಾಕಿಸಿದೆ. ಮಾನಿಟರಿನಲ್ಲಿ ಹಸಿರು ಗೆರೆ ಬಂದಾಗ ಮಗಳು ತನ್ನ ಹಳೆಯದನ್ನು ಕೊಟ್ಟಳು. ನಮ್ಮಜ್ಜಿ ಹಾವೇರಿಯಲ್ಲಿ ಕೌದಿ ಹೊಲಿಯುತ್ತಿದ್ದಳು. ಸೀರೆಯ ತುಂಡು ಹರಿದ ಕಡೆ ಪಂಚೆಯ ತುಂಡು, ಅದು ಹರಿದ ಕಡೆ ಯಾವುದೋ ಮೊಮ್ಮಗುವಿನ ಲಂಗದ ತುಂಡು. ಕೌದಿಗೆ ಎಷ್ಟು ವರ್ಷವಾಯಿತು ಎಂದು ಅವಳನ್ನು ಯಾರೂ ಕೇಳಲಿಲ್ಲ, ಸವಕಳಿಯನ್ನಂತೂ ಯಾರೂ ಕಳೆಯಲಿಲ್ಲ.

ಮೂಲದ್ದು ಅಂತ ಉಳಿದಿರುವುದು ಡಬ್ಬ, ಮದರ್‌ಬೋರ್ಡು, ಪ್ರೊಸೆಸರು. ಬಡಾವಣೆಯ ಅಂಗಡಿಯ ಹುಡುಗ ಬಂದು ಕೂಗನ್ನು ಅರ್ಧ ನಿಮಿಷ ಕೇಳಿ, “ಅಂಕಲ್, ಬೋರ್ಡ್ ಹೋಗಿದೆ. ಅಪ್‌ಗ್ರೇಡ್ ಮಾಡ್ಕೊಳ್ಳಿ” ಅಂದ. ಬೋರ್ಡ್ ಮಾತ್ರ ಹಾಕಪ್ಪ ಅಂದೆ. ಹೊಸ ಬೋರ್ಡಿನಲ್ಲಿ ಹಳೆಯ ಪ್ರೊಸೆಸರ್ ಕೂರುವುದಿಲ್ಲ. ಪ್ರೊಸೆಸರ್ ಹೊಸದಾದರೆ ಹಳೆಯ ಡಿಡಿಆರ್3 ರ‍್ಯಾಮ್ ಆಗುವುದಿಲ್ಲ. ಇದೆಲ್ಲ ಆದಮೇಲೆ ಎಸ್‌ಎಂಪಿಎಸ್ ಸಾಲುವುದಿಲ್ಲ, ಡಬ್ಬದಲ್ಲಿ ಗಾಳಿಯಾಡುವುದಿಲ್ಲ. ಇಲಿಯಿಂದ ಕೌಪೀನ ಉಳಿಸಿಕೊಳ್ಳಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸುವನ್ನು ನೋಡಿಕೊಳ್ಳಲು ಮದುವೆಯಾದ ಸನ್ಯಾಸಿಯ ಕಥೆ ನೆನಪಾಯಿತು. ಹುಡುಗ ಮದುವೆಯ ಖರ್ಚನ್ನೂ ಹೇಳಿದ: 41,000. ಕುಂಕುಮದ ಡಬ್ಬವೂ ಹೋಗಬೇಕೇ ಎಂದು ಹೆಂಡತಿ ಕೇಳಿದಳು. ಅವನು ಉತ್ತರ ಕೊಡದೆ ಚಪ್ಪಲಿ ಮೆಟ್ಟಿಕೊಂಡ.

ಆ ರಾತ್ರಿ ಪುಣೆಯಿಂದ ಮಗಳ ಫೋನು. “ಅಪ್ಪಾ, ನಿಂಗೆ ಬೇಕಾಗಿರೋದು ಬರೆಯೋಕೆ, ಬಿಲ್ ಕಟ್ಟೋಕೆ. ಲಿನಕ್ಸ್ ಹಾಕ್ಕೊಡ್ತೀನಿ, ಇಲ್ಲಾ ಒಂದು ಲ್ಯಾಪ್‌ಟಾಪ್ ತಗೋ.” ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. ನನ್ನ ಹಳೆಯ ಬರಹಗಳೆಲ್ಲ ನುಡಿಯ ಹಳೆಯ ಫಾಂಟಿನಲ್ಲಿವೆ, ಬೇರೆ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಬೈಗುಳದಂಥ ಚಿಹ್ನೆಗಳ ಸಾಲು ಕಾಣುತ್ತದೆ ಅಂದೆ. ಅವಳು, ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶವಿದೆ, ಐದು ನಿಮಿಷದ ಕೆಲಸ ಅಂದಳು. ಬ್ರಹ್ಮಾಸ್ತ್ರ ಹೀಗೆ ಐದು ನಿಮಿಷದಲ್ಲಿ ಮುಗಿಯಬಾರದು. “ಅರ್ಕಾವತ್ತು ಎಲ್ಲೆಲ್ಲಿಗೋ ಹಾರಿಹೋದರೆ?” ಅಂದೆ. “ಹೋಗ್ಲಿ ಬಿಡಪ್ಪಾ” ಅಂದಳು. ಬರೆಯುವವನ ಮಗಳಾಡುವ ಮಾತೇ ಇದು? ಹೆಂಡತಿ ಯಾರ ಪಕ್ಷವೂ ಅಲ್ಲ. ಆ ಮೇಜು ಖಾಲಿಯಾದರೆ ಅವಳಮ್ಮ ಕೊಟ್ಟ ಹೊಲಿಗೆ ಯಂತ್ರಕ್ಕೆ ಕಿಟಕಿಯ ಬೆಳಕು ಸಿಗುತ್ತದೆ, ಅಷ್ಟೇ ಅವಳ ಆಸಕ್ತಿ. ಅದು ನನ್ನ ಕಂಪ್ಯೂಟರಿಗಿಂತ ನಲವತ್ತು ವರ್ಷ ಹಿರಿಯದು. ನಾಲ್ಕು ಹನಿ ಎಣ್ಣೆ ಬಿಟ್ಟರೆ ಈಗಲೂ ಓಡುತ್ತದೆ, ಯಾವ ಕಂಪನಿಯೂ ಅದಕ್ಕೆ ಬೆಂಬಲ ನಿಲ್ಲಿಸಿದ ಸುದ್ದಿಯಿಲ್ಲ.

ಮರುದಿನ ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಎಸ್.ಪಿ. ರೋಡಿಗೆ ಹೊರಟೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಹೇಳಿದರೆ ಬೆಂಗಳೂರಿನವರೇ ಎಲ್ಲಿದೆ ಎಂದು ಕೇಳುತ್ತಾರೆ. ಆಟೋದವನು ಗಂಟು ನೋಡಿ, “ಗುಜರಿಗಾ ಸಾರ್?” ಅಂದ. ರಿಪೇರಿಗೆ ಅಂದೆ. ಮಾರ್ಕೆಟ್ ಮುಟ್ಟುವವರೆಗೂ ಅವನು ಕನ್ನಡಿಯಲ್ಲಿ ನನ್ನನ್ನು ಮರುಕದಿಂದ ನೋಡುತ್ತಿದ್ದ.

ಒಂದು ಮಹಡಿಯ ಮೇಲೆ, ಇಬ್ಬರು ಕೂತರೆ ಮೂರನೆಯವನು ನಿಲ್ಲಲಾಗದ ಅಂಗಡಿ. ಅಲ್ಲಿದ್ದವರಿಗೆ ನನ್ನಷ್ಟೇ ವಯಸ್ಸು, ಕನ್ನಡಕ ಹಣೆಯ ಮೇಲೆ. ಅವರು ಕೂಗನ್ನು ಕೇಳಲು ಹೋಗಲಿಲ್ಲ, ಮೊದಲು ಪಕ್ಕದ ತಗಡು ಬಿಚ್ಚಿದರು. ಒಳಗೆ ಫ್ಯಾನಿನ ರೆಕ್ಕೆಗಳಿಗೆ ಹಾಸಿಗೆಯ ಹತ್ತಿಯ ಹಾಗೆ ಧೂಳು ಅಂಟಿತ್ತು. ಬ್ರಷ್ಷಿನಲ್ಲಿ ಎಳೆದಾಗ ಅದು ಒಂದೇ ಹಾಳೆಯಾಗಿ ಎದ್ದು ಬಂತು. ಅದರ ಹಿಂದೆ ಎರಡು ಹಲ್ಲಿ ಮೊಟ್ಟೆಯ ಚಿಪ್ಪು, ಒಂದು ಅಕ್ಷತೆ ಕಾಳು. ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಎಡಭುಜದ ಮೇಲೆ ಬಿದ್ದರೆ ಏನು ಎಂದು ಪಂಚಾಂಗದಲ್ಲಿ ಪಟ್ಟಿಯಿದೆ. ಮದರ್‌ಬೋರ್ಡಿನ ಮೇಲೆ ಸಂಸಾರ ಹೂಡಿದರೆ ಏನು ಫಲವೆಂದು ಬರೆದಿಲ್ಲ.

ಆಮೇಲೆ ಎರಡೂ ರ‍್ಯಾಮ್ ಕಿತ್ತರು. ಮೇಜಿನ ಡ್ರಾಯರಿನಿಂದ ಸ್ಕೂಲು ಹುಡುಗರ ಬಿಳಿ ರಬ್ಬರ್ ತೆಗೆದು, ಅವುಗಳ ಬಂಗಾರದ ಹಲ್ಲುಗಳನ್ನು ಒಂದೊಂದಾಗಿ ಉಜ್ಜಿದರು, ತಪ್ಪು ಲೆಕ್ಕ ಅಳಿಸುವ ಹಾಗೆ, ನಿಧಾನವಾಗಿ. ರಬ್ಬರಿನ ಪುಡಿಯನ್ನು ಉಫ್ ಎಂದು ಊದಿ ಮತ್ತೆ ಕೂರಿಸಿದರು. ಬೋರ್ಡಿನ ಮೂಲೆಯಿಂದ ನಾಣ್ಯದಾಕಾರದ ಒಂದು ಸೆಲ್ಲು ಎಬ್ಬಿಸಿ, “2032, ಮೂರು ವೋಲ್ಟು. ಗಡಿಯಾರ ನಡೆಸೋದು ಇದೇ. ಹದಿಮೂರು ವರ್ಷ ಬಂದಿದೆಯಲ್ಲ, ಪುಣ್ಯವಂತರು” ಎಂದು ಹೊಸದು ಹಾಕಿದರು. ಬಟನ್ ಒತ್ತಿದರು. ಒಂದೇ ಒಂದು ಚಿಕ್ಕ ಬೀಪು. ಪರದೆ ಬಂತು. ಬೋರ್ಡಿಗೆ ಏನೂ ಆಗಿರಲಿಲ್ಲ.

ಒಂದು ರ‍್ಯಾಮ್ ಮಾತ್ರ ಎಷ್ಟು ಉಜ್ಜಿದರೂ ಏಳಲಿಲ್ಲ. ಎಂಟು ಜಿಬಿಯಲ್ಲಿ ನಾಲ್ಕು ಉಳಿಯಿತು. ಅದೊಂದನ್ನು ಕೊಡಿ ಅಂದೆ. “ಡಿಡಿಆರ್3, ಲ್ಯಾಪ್‌ಟಾಪಿನದಿದೆ. ಡೆಸ್ಕ್‌ಟಾಪಿನದು ನಾಳೆ ಬರುತ್ತೆ ಸಾರ್” ಅಂದರು. ಹಾಗಾದರೆ ಹೊಸ ಸಿಸ್ಟಮ್ಮೇ ಕೊಂಡರೆ ಹೇಗೆ ಎಂದು ಸುಮ್ಮನೆ ಕೇಳಿದೆ. “ಈಗ ಬೇಡ. ಎಐ ಡೇಟಾ ಸೆಂಟರಿನವರೇ ಎಲ್ಲ ಎತ್ತಿಕೊಳ್ತಿದ್ದಾರೆ, ರ‍್ಯಾಮ್ ಬೆಲೆ ಚಿನ್ನದ ಹಾಗೆ ಏರ್ತಿದೆ. ಇದು ಓಡೋವರೆಗೂ ಓಡಿಸಿ.” ಮಾರುವವರ ಬಾಯಲ್ಲೇ ಈ ಮಾತು ಬಂದಮೇಲೆ ನಿರ್ಧಾರ ಅಂತ ನಾನು ಬೇರೆ ಮಾಡಬೇಕಾದದ್ದು ಏನೂ ಉಳಿಯಲಿಲ್ಲ. ಸೆಲ್ಲಿಗೆ 40, ಉಜ್ಜಿದ್ದಕ್ಕೆ 300 ಕೊಟ್ಟೆ. ರಬ್ಬರ್ ಎಷ್ಟು ಎಂದು ಕುತೂಹಲಕ್ಕೆ ಕೇಳಿದೆ. ಐದು ರೂಪಾಯಿ. ನಮ್ಮ ಕಂಪ್ಯೂಟರಿಗಿಂತ 18 ಪೈಸೆ ಜಾಸ್ತಿ.

ಮಗಳು ದೂರದಿಂದಲೇ ಏನೇನೋ ಒತ್ತಿಸಿ, ವಿಂಡೋಸ್ 10ರ ಸುರಕ್ಷತಾ ಅಪ್‌ಡೇಟನ್ನು 2026ರ ಅಕ್ಟೋಬರ್‌ವರೆಗೆ ವಿಸ್ತರಿಸಿಕೊಟ್ಟಿದ್ದಾಳೆ. ಇನ್ನೊಂದು ಕುಂಕುಮ ಬೀಳುವುದು ಅನುಮಾನ ಅಂದಿದ್ದ ಎದುರುಮನೆಯವರು ಈಗ ಆ ವಿಷಯ ಎತ್ತುವುದಿಲ್ಲ. ರ‍್ಯಾಮ್ ಮಾತ್ರ ಇನ್ನೂ ಬಂದಿಲ್ಲ. ಮೂರು ಸಲ ಹೋದೆ, ಮೂರು ಸಲವೂ ‘ನಾಳೆ ಬಾ’. ಊರಿನಲ್ಲಿ ಈ ಮಾತನ್ನು ಬಾಗಿಲ ಮೇಲೆ ಬರೆಯುತ್ತಿದ್ದದ್ದು ದೆವ್ವಕ್ಕೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೋ ಮಂಚದ ಕೆಳಗೋ ಹಳೆಯ ಡೆಸ್ಕ್‌ಟಾಪ್ ಒಂದು ಬಿದ್ದಿದ್ದರೆ ಪಕ್ಕದ ತಗಡು ಬಿಚ್ಚಿ ನೋಡಿ. ಡಿಡಿಆರ್3, ನಾಲ್ಕು ಜಿಬಿ, ಉದ್ದನೆಯದು. ಸಿಕ್ಕಿದರೆ ಬಿಸಾಡಬೇಡಿ, ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ, ರಬ್ಬರ್ ನನ್ನ ಹತ್ತಿರವಿದೆ.