ಮಾವನವರ ಕಾಫಿ ಕೂಗು: ಒಂದು ವರ್ತನಾಶಾಸ್ತ್ರೀಯ ಅಧ್ಯಯನ

ಬೆಳಗಿನ ಆರೂವರೆಗೆ ನಡುಮನೆಯ ಕುರ್ಚಿಯಿಂದ ಹೊರಟು ಅಡುಗೆಮನೆಯ ಪಾತ್ರೆಗಳನ್ನು ನಡುಗಿಸುವ ‘ಲೇ, ಕಾಫಿ ಎಲ್ಲೇ?’ ಎಂಬ ಧ್ವನಿಗೆ ವಿದ್ವಾಂಸರು ಸಲ್ಲಿಸಬೇಕಾದ ಗಮನ ಸಲ್ಲಿಸಿಲ್ಲ. ಆ ಲೋಪವನ್ನು ತುಂಬಲು ಪ್ರಸ್ತುತ ಪ್ರಬಂಧಕಾರನು ದಸರಾ ರಜೆಗೆ ಹೆಂಡತಿಯ ತವರಿಗೆ ಹೋಗಿದ್ದಾಗ ಈ ಅಧ್ಯಯನ ಕೈಗೊಂಡನು. ಗೋಪ್ಯತೆಯ ದೃಷ್ಟಿಯಿಂದ ಅಧ್ಯಯನಕ್ಕೊಳಗಾದವರನ್ನು ‘ಮಾವನವರು’ ಎಂದಷ್ಟೇ ಕರೆಯಲಾಗಿದೆ. ನಿವೃತ್ತ ಹೆಡ್‌ಮಾಸ್ಟರು, ಮೈಕಿಲ್ಲದೆ ಇಡೀ ಮೈದಾನ ಆಳಿದ ಕಂಠ.

1968ರಲ್ಲಿ ಬೇರ್, ವೂಲ್ಫ್, ರಿಸ್ಲಿ ಎಂಬ ಮೂವರು ಅಮೆರಿಕನ್ನರು ಅನ್ವಯಿಕ ವರ್ತನಾ ವಿಶ್ಲೇಷಣೆಗೆ ಏಳು ಲಕ್ಷಣಗಳನ್ನು ಹೇಳಿದರು. ತಿದ್ದಲು ಹೊರಟ ವರ್ತನೆ ಸಮಾಜದ ಮಟ್ಟಿಗೆ ಮುಖ್ಯವಾಗಿರಬೇಕು ಎಂಬುದು ಅವುಗಳಲ್ಲೊಂದು. ನಮ್ಮ ವಿಷಯ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಯಿತು. ಎದುರುಮನೆಯವರು ಅಲಾರಂ ಇಡುವುದನ್ನೇ ಬಿಟ್ಟು ಬಹಳ ಕಾಲವಾಗಿದೆ.

ಉಪಾಯ ಹೂಡುವ ಮುಂಚೆ ವರ್ತನೆ ಎಷ್ಟಿದೆಯೆಂದು ಎಣಿಸಿ ಬರೆದಿಡಬೇಕು. ಇದಕ್ಕೆ ಬೇಸ್‌ಲೈನ್ ಎನ್ನುತ್ತಾರೆ. ಎಣಿಸಲು ವ್ಯಾಖ್ಯೆ ಬೇಕು. ಪೇಪರನ್ನು ಪಟಪಟನೆ ಮಡಚುವುದು ಕೂಗೇ? ಖಾಲಿ ಲೋಟವನ್ನು ಟೀಪಾಯಿಗೆ ಕುಟ್ಟುವುದು? ಗಂಟಲು ಸರಿಮಾಡಿಕೊಳ್ಳುವುದು ಬರೀ ಪೂರ್ವರಂಗ ಎಂಬುದು ಪೂರ್ವಪಕ್ಷ. ಅದೂ ಕೂಗೇ ಎಂಬುದು ಅತ್ತೆಯವರ ಸಿದ್ಧಾಂತ. ಅದರ ಹಿಂದೆ ನಲವತ್ತು ವರ್ಷದ ಕ್ಷೇತ್ರಕಾರ್ಯವಿದೆ. ಇಬ್ಬರು ಬೇರೆಬೇರೆಯಾಗಿ ಎಣಿಸಿ, ಸಣ್ಣ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿ ನೂರರಿಂದ ಗುಣಿಸಿದರೆ 80ಕ್ಕೆ ಕಡಿಮೆ ಬರಬಾರದೆಂಬುದು ಈ ಶಾಸ್ತ್ರದ ವಾಡಿಕೆ. ಅತ್ತೆಯವರು 12 ಎಂದರು. ಅಪ್ಪನ ಮುದ್ದಿನ ಮಗಳು 3 ಎಂದಳು. ಒಮ್ಮತ 25 ಬಂತು. ಆದಕಾರಣ ಒಲೆಗೆ ಹತ್ತಿರ ನಿಂತವರ ಲೆಕ್ಕವನ್ನೇ ಅಂಗೀಕರಿಸಲಾಯಿತು.

ಅಳಿಯ ಬಂದಾಗ ಮೊದಲ ಲೋಟ ಅವನಿಗೇ ಹೋಗುವುದರಿಂದ ಕೂಗು ಹೆಚ್ಚಾಗಿದೆ, ಸಂಶೋಧಕನೇ ರೋಗದ ಮೂಲ ಎಂದು ಮಾವನವರು ಆಕ್ಷೇಪಿಸಿದರು. ಅಧ್ಯಯನಕ್ಕೊಳಗಾದವರ ಅಭಿಪ್ರಾಯವನ್ನು ದತ್ತಾಂಶವೆಂದು ಪರಿಗಣಿಸಲಾಗದು.

ಈಗ ಕಾರಣಮೀಮಾಂಸೆ. ಕೂಗಿದರೆ ಕಾಫಿ ಬರುತ್ತದೆ, ಅದಕ್ಕೆ ಮಾವನವರು ಕೂಗುತ್ತಾರೆ. ಕಾಫಿ ಕೊಟ್ಟರೆ ಕೂಗು ನಿಲ್ಲುತ್ತದೆ, ಅದಕ್ಕೆ ಅತ್ತೆಯವರು ಕೊಡುತ್ತಾರೆ. ಮೊದಲನೆಯದು ಧನಾತ್ಮಕ ಪುನರ್ಬಲನ, ಎರಡನೆಯದು ಋಣಾತ್ಮಕ ಪುನರ್ಬಲನ. 1938ರಲ್ಲಿ ಮನಶ್ಶಾಸ್ತ್ರಜ್ಞ ಸ್ಕಿನ್ನರ್, ಸನ್ನೆ ಒತ್ತಿದರೆ ತಿಂಡಿ ಬೀಳುವ ಪೆಟ್ಟಿಗೆಯಲ್ಲಿ ಇಲಿಗಳನ್ನಿಟ್ಟುಕೊಂಡು ಈ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು. ಆದರೆ ಒಂದೇ ಪೆಟ್ಟಿಗೆಯೊಳಗೆ ಎರಡು ಇಲಿ ಕೂತು ಒಂದರ ಸನ್ನೆಯನ್ನು ಇನ್ನೊಂದು ಒತ್ತುತ್ತಿರುವ ಏರ್ಪಾಡಿಗೆ ದಾಂಪತ್ಯವೆಂದು ಹೆಸರಿಡುವ ಧೈರ್ಯ ಮಾಡಲಿಲ್ಲ.

ಯೋಜನೆ ಸರಳವಾಗಿತ್ತು: ಕೂಗಿಗೆ ಕಾಫಿ ಇಲ್ಲ. ಫಲ ನಿಂತಾಗ ವರ್ತನೆ ಇಳಿಯುವ ಮುನ್ನ ಒಮ್ಮೆ ಉಕ್ಕಿ ಬರಬಹುದೆಂದು ಶಾಸ್ತ್ರ ಎಚ್ಚರಿಸಿದೆ. ಉಕ್ಕಿತು. ಬೀದಿ ನಾಯಿ ಎದ್ದು ಜಾಗ ಬದಲಾಯಿಸಿತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಮರುಕಪಟ್ಟು ಕಾಂಪೌಂಡ್ ಗೋಡೆಯ ಮೇಲೆ ಒಂದು ಲೋಟ ಕಾಫಿ ಇಟ್ಟರು. ಆಗೊಮ್ಮೆ ಈಗೊಮ್ಮೆ ಸಿಗುವ ಫಲದಿಂದ ಬೆಳೆದ ವರ್ತನೆಯನ್ನು ಕೀಳುವುದು ಎಲ್ಲಕ್ಕಿಂತ ಕಷ್ಟ ಎಂಬ ತತ್ತ್ವ ಆಕೆಗೆ ಗೊತ್ತಿರಲಿಲ್ಲ. ಮಾವನವರಿಗೆ ಗೊತ್ತಿದ್ದಂತೆ ಕಂಡಿತು.

ಹಾಗಾಗಿ ಯೋಜನೆಯನ್ನು ತಿದ್ದಿದೆವು. ಕೂಗುವ ಮೊದಲೇ ಫ್ಲಾಸ್ಕ್ ತುಂಬ ಕಾಫಿಯನ್ನು ಕುರ್ಚಿಯ ಪಕ್ಕದಲ್ಲಿಡಲಾಯಿತು. ಕೂಗು ಇಳಿಯಲಿಲ್ಲ. ‘ಲೇ, ಸಕ್ಕರೆ ಜಾಸ್ತಿಯಾಯ್ತಲ್ಲೇ!’ ‘ಲೇ, ಈ ಸುದ್ದಿ ನೋಡಿದ್ಯಾ?’ ಒಂದು ಬೆಳಿಗ್ಗೆ ಮಾತ್ರ ಹಾಲು ಒಡೆದು ಕಾಫಿಯೇ ಆಗಲಿಲ್ಲ. ಅತ್ತೆಯವರು ಬೇಸತ್ತು ಬಂದು ಎದುರು ಕೂತು, ಪೇಪರಿನ ಒಂದು ಹಾಳೆ ಇಸಿದುಕೊಂಡರು. ಅಂದು ಗ್ರಾಫು ಸೊನ್ನೆ ಮುಟ್ಟಿತು.

ವರ್ತನೆಯೊಂದು ಗಮನಕ್ಕಾಗಿ ನಡೆಯುತ್ತದೋ, ಕೆಲಸ ತಪ್ಪಿಸಿಕೊಳ್ಳಲೋ, ಇಲ್ಲವೆ ತನ್ನ ಪಾಡಿಗೆ ತಾನೋ ಎಂದು ಒಂದೊಂದು ಸನ್ನಿವೇಶದಲ್ಲಿಟ್ಟು ಪರೀಕ್ಷಿಸುವ ವಿಧಾನವನ್ನು ಬ್ರಯನ್ ಐವಾಟ ಮತ್ತು ಸಂಗಡಿಗರು 1982ರಲ್ಲೇ ತೋರಿಸಿಕೊಟ್ಟಿದ್ದರು. ಇಲ್ಲಿ ಆ ಪರೀಕ್ಷೆಯನ್ನು ಒಡೆದ ಹಾಲು ಬಿಟ್ಟಿಯಾಗಿ ನಡೆಸಿಕೊಟ್ಟಿತು. ಇಲಿ ಎಂದೂ ತಪ್ಪುವುದಿಲ್ಲ, ಅಂಕಿಅಂಶ ಒಂದು ಹೇಳಿ ಯೋಜನೆ ಇನ್ನೊಂದು ಹೇಳಿದರೆ ಬದಲಾಗಬೇಕಾದ್ದು ಯೋಜನೆ ಎಂಬುದು ಈ ಶಾಸ್ತ್ರದವರ ನಂಬಿಕೆ. ಅದರಂತೆ ಅತ್ತೆಯವರು ದಿನವೂ ಹತ್ತು ನಿಮಿಷ ಎದುರು ಕೂರಬೇಕೆಂದು ಸಲಹೆ ಮಂಡಿಸಲಾಯಿತು. ‘ಕೂತ್ಕೋತೀನಿ ಅಳಿಯಂದ್ರೇ. ದೋಸೆ ಹುಯ್ಯೋಕೆ ನಿಮ್ಮ ಸ್ಕಿನ್ನರ್ ಬರ್ತಾರಾ?’ ಎಂದು ಅವರು ಕೇಳಿದ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರ ದೊರೆಯಲಿಲ್ಲ. ದೋಸೆ ಹುಯ್ಯಬಲ್ಲ ಬೇರೆಯವರು ಮನೆಯಲ್ಲಿದ್ದರೇ ಎಂಬುದು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಮಾವನವರು ಹಟಮಾರಿಗಳೆಂದು ನಿರ್ಣಯಿಸಿ, ಹಳೆಯ ಯೋಜನೆಯನ್ನೇ ಮುಂದುವರಿಸಿ, ಗ್ರಾಫನ್ನು ಸ್ವಲ್ಪ ಚಿಕ್ಕದಾಗಿ ಬರೆಯಲು ತೀರ್ಮಾನಿಸಲಾಯಿತು.

ಈ ಶಾಸ್ತ್ರದ ಪತ್ರಿಕೆಯೊಂದು 1974ರಲ್ಲಿ ಡೆನಿಸ್ ಅಪ್ಪರ್ ಎಂಬುವರ ಲೇಖನವನ್ನು ಪ್ರಕಟಿಸಿತು. ಬರೆಯಲಾಗದ ತೊಂದರೆಗೆ ತಾನೇ ಮಾಡಿಕೊಂಡ ಚಿಕಿತ್ಸೆ ವಿಫಲವಾದ ಕುರಿತು ಶೀರ್ಷಿಕೆ. ಕೆಳಗೆ ಖಾಲಿ ಪುಟ. ನಿಂಬೆರಸ, ಎಕ್ಸ್‌ರೇ ಎಲ್ಲ ಹಾಕಿ ನೋಡಿಯೂ ಒಂದು ದೋಷವೂ ಸಿಗಲಿಲ್ಲವೆಂದು ಪರಿಶೀಲಕರು ಮೆಚ್ಚಿಕೊಂಡಿದ್ದರು. ಪ್ರಸ್ತುತ ಪ್ರಬಂಧವನ್ನು ಓದಿದ ಮಾವನವರು, ಇದನ್ನೂ ಅದೇ ಮಾದರಿಯಲ್ಲಿ ಬರೆಯಬಹುದಿತ್ತು ಎಂದಿದ್ದಾರೆ.

ಎರಡನೆಯ ಹಂತ ದೀಪಾವಳಿಗೆ ನಡೆಯಲಿದೆ. ಅಲ್ಲಿಯವರೆಗೆ ಪಕ್ಕದ ಮನೆಯವರು ದಯವಿಟ್ಟು ಕಾಂಪೌಂಡಿನ ಮೇಲೆ ಲೋಟ ಇಡಬಾರದೆಂದು ವಿನಂತಿ.