ಮೇಸ್ತ್ರಿಗೆ ಎಷ್ಟು ಕೊಡೋಣ?

ಕಾಫಿ ತೋಟದ ಆಫೀಸಿನಲ್ಲಿ ಪುಸ್ತಕಗಳಿಗೆ ಬರವಿಲ್ಲ. ಆಳುಗಳ ಹಾಜರಿಗೆ ಚೆಕ್‌ರೋಲು, ಗೊಬ್ಬರ-ಔಷಧಿಗೆ ಸ್ಟಾಕ್ ಪುಸ್ತಕ, ಪಲ್ಪರ್ ಮನೆಗೆ ಬಂದ ಹಣ್ಣಿಗೆ ಒಂದು, ಕಣದಿಂದ ಚೀಲಕ್ಕೆ ಹೋದದ್ದಕ್ಕೆ ಇನ್ನೊಂದು. ಎಲ್ಲಕ್ಕಿಂತ ಪೂಜ್ಯವಾದದ್ದು ಮಳೆ ಪುಸ್ತಕ. ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು ಇಂಚು, ಸೆಂಟುಗಳಲ್ಲಿ ಬರೆಯಬೇಕು. ದೇಶವೆಲ್ಲ ಮೆಟ್ರಿಕ್ಕಿಗೆ ಬಂದು ಎಷ್ಟೋ ಕಾಲವಾಯಿತು, ಮೂಡಿಗೆರೆ-ಕಳಸದ ಮಳೆ ಮಾತ್ರ ಇನ್ನೂ ಇಂಚಿನಲ್ಲೇ ಸುರಿಯುತ್ತದೆ. ಹೂಮಳೆಯ ಕಾಲದಲ್ಲಿ ಇಬ್ಬರು ಬೆಳೆಗಾರರು ಕೊಟ್ಟಿಗೆಹಾರದಲ್ಲಿ ಎದುರಾದರೆ ಮೊದಲು ವಿಚಾರಿಸುವುದು ಹೆಂಡತಿ ಮಕ್ಕಳನ್ನಲ್ಲ, "ನಿಮ್ಮಲ್ಲಿ ಎಷ್ಟು ಸೆಂಟು?" ಎಂದು.

ಇಷ್ಟೆಲ್ಲ ಬರೆದಿಟ್ಟರೂ ಬೇಕಾದದ್ದು ಬೇಕಾದಾಗ ಸಿಗುವುದಿಲ್ಲ. ಮೇಲಿನ ಬ್ಲಾಕಿಗೆ ಸುಣ್ಣ ಕೊಟ್ಟದ್ದು ಯಾವ ವರ್ಷ? ಪಂಪಿನ ವಾಷರಿನ ಅಳತೆ ಎಷ್ಟು? ಕೆರೆ ಪಕ್ಕದ ಗಿಡ ಯಾವ ನರ್ಸರಿಯದು? ಇದೆಲ್ಲ ಲೆಕ್ಕಪತ್ರ ಬರೆಯುವ ರೈಟರಿಗೆ ಗೊತ್ತು. ರೈಟರು ಮಗಳ ಮದುವೆಗೆಂದು ರಜೆ ಹಾಕಿದ ಹದಿನೈದು ದಿನ ಕಳಸದ ಮೇಲಿರುವ ನಮ್ಮ ಭಾವನ ತೋಟ ಸ್ವಲ್ಪ ಮಟ್ಟಿಗೆ ಅನಾಥವಾಗಿತ್ತು. ಆಗಲೇ ಭಾವ ಫೋನು ಮಾಡಿದ್ದು. "ಬೆಂಗಳೂರಲ್ಲಿ ಕೂತು ಎಂಥೆಂಥದೋ ಮಾಡ್ತೀಯಲ್ಲ ಮಾರಾಯ, ಇದಕ್ಕೊಂದು ದಾರಿ ಇಲ್ವಾ?"

ದಾರಿ ಇತ್ತು. ಯಾರು ಬೇಕಾದರೂ ಪುಟ ತೆರೆದು ಅಲ್ಲೇ ತಿದ್ದಬಹುದಾದ ವಿಕಿಯನ್ನು ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ಪ್ರೋಗ್ರಾಮರ್ 1995ರಲ್ಲಿ ಶುರುಮಾಡಿದ. 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ಕನ್ನಡದ್ದೂ ಬಂತು. ಅದೇ ಸರಕನ್ನು ನಮ್ಮದೇ ಕಂಪ್ಯೂಟರಿನಲ್ಲಿ, ನಮ್ಮ ನಾಲ್ಕು ಜನರಿಗಾಗಿ ಹಾಕಿಕೊಳ್ಳಬಹುದು. ಬಾಡಿಗೆಗೆ ಕೊಡುವ ಕಂಪನಿಗಳೂ ಇವೆ ಅನ್ನಿ. ಆದರೆ ಜೂನ್ ತಿಂಗಳಲ್ಲಿ ಒಂದು ಸಿಲ್ವರ್ ಓಕ್ ಕೊಂಬೆ ಕೇಬಲ್ಲಿನ ಮೇಲೆ ಬಿದ್ದರೆ ಕಳಸದ ಗುಡ್ಡಗಳಿಗೂ ಜಗತ್ತಿಗೂ ಸಂಬಂಧ ಕಡಿದಂತೆಯೇ. ತೋಟದ ಆಫೀಸಿನಲ್ಲೇ ಸರ್ವರ್ ಇದ್ದರೆ, ಹೊರಗಿನ ನೆಟ್ ಸತ್ತರೂ ಆಫೀಸಿನ ವೈಫೈಗೆ ಸಿಕ್ಕಿಕೊಂಡ ಮೊಬೈಲುಗಳಿಗೆ ಪುಟ ಸಿಗುತ್ತದೆ. ಅಕ್ಕನ ಮಗ ಓದಿ ಬಿಟ್ಟುಹೋದ ಹಳೆಯ ಕಂಪ್ಯೂಟರ್ ಒಂದಿತ್ತು. ಅದಕ್ಕೆ ಉಬುಂಟು ಹಾಕಿದೆ.

ವಿಕಿಪೀಡಿಯ ನಡೆಯುವ ಮೀಡಿಯಾವಿಕಿಯನ್ನು ಬೇಕೆಂದೇ ಬಿಟ್ಟೆ. ಅದಕ್ಕೊಂದು ಡೇಟಾಬೇಸ್ ಬೇಕು, ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು. ಆಂಡ್ರಿಯಾಸ್ ಗೋರ್ ಎಂಬುವರು 2004ರಲ್ಲಿ ಹೊರತಂದ ಡೋಕುವಿಕಿಗೆ ಆ ರಗಳೆ ಇಲ್ಲ. ಪುಟಕ್ಕೊಂದರಂತೆ ಸಾದಾ ಪಠ್ಯದ ಫೈಲು, ಅಷ್ಟೆ. ಪುಟ ತಿದ್ದಿದಾಗ ಹಳೆಯ ಪ್ರತಿ ‘ಆಟಿಕ್’ ಎಂಬ ಫೋಲ್ಡರಿಗೆ ಹೋಗುತ್ತದೆ, ಮಲೆನಾಡಿನ ಮನೆಯಲ್ಲಿ ಒಡೆದ ತೊಟ್ಟಿಲು ಅಟ್ಟ ಸೇರುವ ಹಾಗೆ, ಬೇಕೆಂದಾಗ ಇಳಿಸಿಕೊಳ್ಳಬಹುದು. ಮುಂಗಾರಿಗೆ ಮುಂಚಿನ ಸಿಡಿಲಿಗೆ ಕಂಪ್ಯೂಟರ್ ಸುಟ್ಟರೂ ಪೆನ್‌ಡ್ರೈವಿನಲ್ಲಿ ಆ ಫೈಲುಗಳಿದ್ದರೆ ಯಾವ ಕಂಪ್ಯೂಟರಿನಲ್ಲಾದರೂ ತೆರೆದು ಓದಬಹುದು. ಮೊದಲ ಗುಡುಗಿಗೇ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವ ಊರಿಗೆ ಹೇಳಿ ಮಾಡಿಸಿದ್ದು.

ಹಾಕುವ ಕೆಲಸ ಒಂದು ಸಂಜೆಯದು. ಪಿಎಚ್‌ಪಿ, ಒಂದು ವೆಬ್ ಸರ್ವರ್, ಡೋಕುವಿಕಿಯ ಗಂಟು ಬಿಚ್ಚುವುದು, ಅದು ಬರೆಯುವ ಫೋಲ್ಡರುಗಳ ಒಡೆತನವನ್ನು ವೆಬ್ ಸರ್ವರಿಗೆ ಬಿಟ್ಟುಕೊಡುವುದು. ತೊಡಕು ಬಂದದ್ದು ಕನ್ನಡದಲ್ಲಿ. ‘ಮುಂಗಾರಿಗೆ ಮೊದಲು ಅರೇಬಿಕಾಕ್ಕೆ ಬೋರ್ಡೋ ಸಿಂಪಡಣೆ’ ಎಂದು ಪುಟಕ್ಕೆ ಹೆಸರಿಟ್ಟರೆ ಉಳಿಯಲೇ ಒಲ್ಲದು. ಕಾರಣ ಹೀಗಿದೆ: ಯೂನಿಕೋಡಿನಲ್ಲಿ ಬೋರ್ಡೋ ಎಂದರೆ ಎರಡಕ್ಷರವಲ್ಲ, ಒತ್ತು-ಗುಣಿತಗಳನ್ನೆಲ್ಲ ಬಿಡಿಸಿದರೆ ಆರು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್. ಡೋಕುವಿಕಿ ಫೈಲಿಗೆ ಹೆಸರಿಡುವಾಗ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಹಚ್ಚಿ ಮೂರು ಅಕ್ಷರ ಮಾಡುತ್ತದೆ. ಅಲ್ಲಿಗೆ ಬೋರ್ಡೋ ಒಂದಕ್ಕೇ 54 ಅಕ್ಷರ! ಲಿನಕ್ಸ್ ಒಂದು ಫೈಲಿನ ಹೆಸರಿಗೆ ಕೊಡುವ ಜಾಗವೇ 255. ಇಂಗ್ಲಿಷಿನವನು ಅಷ್ಟರಲ್ಲಿ ಒಂದು ಪ್ಯಾರಾ ಬರೆಯುತ್ತಾನೆ, ನಮಗೆ ನಾಲ್ಕು ಪದಕ್ಕೇ ಉಸಿರು ಕಟ್ಟುತ್ತದೆ. ಮೂಡಿಗೆರೆಯ ತೋಟದಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳುತ್ತಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಂಡರು. ಇದ್ದಿದ್ದರೆ ಈ 54ರ ಲೆಕ್ಕಕ್ಕೆ ಏನು ಹೇಳುತ್ತಿದ್ದರೋ, ಮೆಲ್ಲಗಂತೂ ಹೇಳುತ್ತಿರಲಿಲ್ಲ. ಹೆಸರನ್ನು ಯುಟಿಎಫ್-8ರಲ್ಲೇ ಇಡು ಎಂದು ಹೇಳುವ ಸೆಟ್ಟಿಂಗ್ ಒಂದು ಒಳಗಿದೆ. ಅದನ್ನು ಬದಲಿಸಿದ ಮೇಲೆ ಬೋರ್ಡೋ 18 ಬೈಟಿಗೆ ಇಳಿಯಿತು.

ನಿಜವಾದ ಕೆಲಸ ಆಮೇಲಿನದು. ಇದು ತೆರೆದ ವಿಕಿಯೋ, ಮುಚ್ಚಿದ ವಿಕಿಯೋ ಎಂದು ಡೋಕುವಿಕಿ ಮೊದಲೇ ಕೇಳುತ್ತದೆ. ಭಾವ "ಮುಚ್ಚು" ಎಂದರು. ಸೂಪರ್ ಯೂಸರ್ ಯಾರು? ಅದನ್ನೂ ಕೇಳುವುದೇ ಎಂಬಂತೆ ನೋಡಿದರು. ಮುಂದೆ ಯಾರಿಗೆ ಎಷ್ಟು ಹಕ್ಕು ಎಂಬ ಪಟ್ಟಿ. ಅದು ಅಂಕಿಯಲ್ಲಿದೆ: ಏನೂ ಇಲ್ಲದವನಿಗೆ 0, ಓದಲು 1, ತಿದ್ದಲು 2, ಹೊಸ ಪುಟಕ್ಕೆ 4, ಫೋಟೊ ಏರಿಸಲು 8, ಏರಿಸಿದ್ದನ್ನು ಅಳಿಸಲು 16.

"ರೈಟರಿಗೆ ಎಂಟು ಕೊಡು. ಮೇಸ್ತ್ರಿಗೆ ಒಂದು ಸಾಕು."

"ಓದೋಕೆ ಮಾತ್ರ ಬಿಟ್ರೆ ಅವರಿಗೆ ಗೊತ್ತಿರೋದನ್ನ ಬರೆಯೋದು ಯಾರು ಭಾವ?"

"ಹಂಗಾದ್ರೆ ಒಂದೂವರೆ?"

ಬಟವಾಡೆ ದಿನದ ಚೌಕಾಸಿಯ ಅಭ್ಯಾಸ ಎಲ್ಲಿ ಹೋಗುತ್ತದೆ! ಒಂದೂವರೆ ಇಲ್ಲ ಎಂದೆ. ಕಾಫಿ ತಂದ ಅಕ್ಕ, "ಇಷ್ಟು ವರ್ಷ ತೋಟ ನಡೆಸಿದ್ದು ಅವನೇ ಅಲ್ವಾ, ಎರಡು ಕೊಟ್ಟರೆ ಏನು ಗಂಟು ಹೋಗ್ತದೆ?" ಎಂದು ಲೋಟ ಇಟ್ಟು ಹೋದಳು. ಎರಡಕ್ಕೆ ತೀರ್ಮಾನವಾಯಿತು.

ಬೋರ್ಡೋ ಪುಟವನ್ನು ಮೊದಲು ಬರೆದದ್ದು ಭಾವನೇ, ಎಲೆ ತುಕ್ಕಿಗೆ ಅರ್ಧ ಪರ್ಸೆಂಟ್ ಎಂದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳುವ ಲೆಕ್ಕದಲ್ಲಿ: 200 ಲೀಟರ್ ಬ್ಯಾರೆಲ್ಲಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣದ ನೀರನ್ನು ತುತ್ತದ ನೀರಿಗೆ ಹೊಯ್ಯುವುದು ಎಂಬ ಸಾಲು ಮಾತ್ರ ಭಾವನದೇ. ತಿದ್ದುವ ಕಿಟಕಿ ತೆರೆದಿಟ್ಟೇ ಊಟಕ್ಕೆ ಎದ್ದರು. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರಿಗೆ ಪುಟ 15 ನಿಮಿಷ ಬೀಗ ಹಾಕಿಕೊಂಡಿರುತ್ತದೆ. ಮೇಸ್ತ್ರಿ ಮೊಬೈಲ್ ಹಿಡಿದು ಆಫೀಸಿನ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕಾದರು, ಬೀಗ ಬಿಟ್ಟಿತು. ಟೈಪು ಮಾಡುವ ತಾಳ್ಮೆ ಅವರಿಗಿಲ್ಲ. ಮಾತಾಡಿದರೆ ಅಕ್ಷರವಾಗುವ ಮೈಕು ಒತ್ತಿ ಹೇಳಿದರು. ಅದು ತುತ್ತವನ್ನು ತುತ್ತು ಎಂದು ಕೇಳಿಸಿಕೊಂಡು ತುತ್ತಿನ ನೀರು ಎಂದು ಬರೆಯಿತು. ರೈಟರು ತಮ್ಮ ಎಂಟರ ಬಲದಿಂದ ಅದನ್ನು ಸರಿಪಡಿಸಿದರು.

ಮೇಸ್ತ್ರಿ ತಿದ್ದಿದ್ದು ಎರಡು ಸಾಲು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಮಾಡಬಾರದು. ಆಮೇಲೆ ಕಬ್ಬಿಣದ ಕತ್ತಿ ಅದ್ದಿ ತೆಗೆದು ನೋಡಬೇಕು, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಡೋಕುವಿಕಿ ಎದುರುಬದುರು ಇಟ್ಟು ತೋರಿಸಿತು, ಯಾರು ತಿದ್ದಿದರು, ಎಷ್ಟು ಗಂಟೆಗೆ ಎಂಬುದರ ಸಮೇತ. ಭಾವ ಕನ್ನಡಕ ಏರಿಸಿ ಎರಡೂ ಕಡೆ ಓದಿದರು. ಅವರು ಸೂಪರ್ ಯೂಸರ್, ಹಳೆಯದನ್ನೇ ಮರಳಿ ತರಬಹುದಿತ್ತು. "ಸರಿ ಇದೆ ಬಿಡು" ಎಂದರು.

ಮಳೆ ಪುಸ್ತಕ ಮಾತ್ರ ವಿಕಿಗೆ ಬರಲಿಲ್ಲ. ಅದನ್ನು ಭಾವ ಇವತ್ತಿಗೂ ಶಾಯಿ ಪೆನ್ನಿನಲ್ಲೇ ಬರೆಯುತ್ತಾರೆ. ಪಕ್ಕದ ತೋಟದ ಸೆಂಟು ಕೇಳಿಕೊಂಡ ಮೇಲೆ ಬರೆಯುತ್ತಾರೆಂದು ಅಕ್ಕನ ದೂರು.

ನಿಮ್ಮ ತೋಟಕ್ಕೂ ಹಾಕಿಕೊಳ್ಳುವುದಾದರೆ ಕನ್ನಡದ ಮೊದಲ ಪುಟ ಬರೆಯುವ ಮುಂಚೆಯೇ ಆ ಹೆಸರಿನ ಸೆಟ್ಟಿಂಗ್ ಬದಲಿಸಿ. ಕೆಲಸ ಮುಗಿದ ಮೇಲೆ ಇನ್‌ಸ್ಟಾಲ್ ಡಾಟ್ ಪಿಎಚ್‌ಪಿ ಫೈಲನ್ನು ಅಳಿಸಿಬಿಡಿ. ಗುಡುಗಿದರೆ ಪ್ಲಗ್ ಕೀಳಿ. ಮೇಸ್ತ್ರಿಗೆ ಎರಡಕ್ಕಿಂತ ಕಡಿಮೆ ಕೊಡಬೇಡಿ.