ಚಾಳೀಸು ಮೀಮಾಂಸೆ

ನಲವತ್ತು ದಾಟಿದ ಮನುಷ್ಯ ತನ್ನ ಕಣ್ಣಿನಲ್ಲಿ ಏನೋ ಐಬಿದೆ ಎಂದು ಒಪ್ಪಿಕೊಳ್ಳುವ ಮೊದಲು ಪ್ರಪಂಚದ ಉಳಿದೆಲ್ಲ ವಸ್ತುಗಳ ಮೇಲೂ ತಪ್ಪು ಹೊರಿಸಿ ನೋಡುತ್ತಾನೆ. ಬಲ್ಬಿನ ಮೇಲೆ, ಕಾಗದದ ಮೇಲೆ, ಅಚ್ಚಿನ ಮನೆಯವರ ಮೇಲೆ, ಕಡೆಗೆ ಸ್ವಂತ ತೋಳಿನ ಮೇಲೆ. ಈ ಆರೋಪಗಳನ್ನು ಲೋಕ ಬರೀ ಹರಟೆ ಎಂದು ತಳ್ಳಿಹಾಕಿದೆ. ಇದು ಅನ್ಯಾಯ. ಅವುಗಳಲ್ಲಿ ಪ್ರಮಾಣವಿದೆ, ತರ್ಕವಿದೆ, ಪರಂಪರೆಯೂ ಇದೆ: ಅಪ್ಪ ಹೇಳಿದ್ದನ್ನೇ ಮಗ ಇಪ್ಪತ್ತೈದು ವರ್ಷ ಕಳೆದ ಮೇಲೆ ಅದೇ ಜಗಲಿಯಲ್ಲಿ, ಅದೇ ಗತ್ತಿನಲ್ಲಿ ಹೇಳುತ್ತಾನೆ. ಆದ್ದರಿಂದ ಅವನ್ನು ದರ್ಶನಗಳೆಂದೇ ಭಾವಿಸಿ, ಪೂರ್ವಪಕ್ಷ, ಖಂಡನೆ, ಸಿದ್ಧಾಂತಗಳ ಕ್ರಮದಲ್ಲಿ ವಿಚಾರಿಸಲು ಪ್ರಬಂಧಕಾರ ಹೊರಟಿದ್ದಾನೆ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ಅಧಿಕಾರಿ: ನಲವತ್ತು ತುಂಬಿಯೂ ‘ನನಗಿನ್ನೂ ಏನೂ ಆಗಿಲ್ಲ’ ಎನ್ನುವವರು. ವಿಷಯ: ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿರುವ ಎಕ್ಸ್‌ಪೈರಿ ತಾರೀಖು. ಸಂಬಂಧ: ಅವೆರಡರ ನಡುವಿನ ಅಂತರ, ಸೆಂಟಿಮೀಟರುಗಳಲ್ಲಿ. ಪ್ರಯೋಜನ: ಮುಂದೆ ಹೇಳಲಾಗುವುದು.

ಇನ್ನು ಲಕ್ಷಣ. ಇಂಗ್ಲಿಷ್ ಓದುವವನಿಗೆ ಅಕ್ಷರ ಇಡಿಯಾಗಿ ಮಸುಕಾಗುವ ತನಕ ತೊಂದರೆಯಿಲ್ಲ. ಕನ್ನಡದಲ್ಲಿ ಅರ್ಥದ ದೊಡ್ಡ ಪಾಲು ಸಾಲಿನ ಕೆಳಗೆ ನೇತಾಡುವುದರಿಂದ ಇಲ್ಲಿ ಅನಾಹುತ ಬೇಗ ಶುರುವಾಗುತ್ತದೆ. ಮೊದಲು ಹೋಗುವುದು ಒತ್ತಕ್ಷರ. ಆಮೇಲೆ ದ-ಧ, ಬ-ಭ, ಡ-ಢಗಳನ್ನು ಬೇರೆ ಮಾಡುವ ಆ ಬುಡದ ಗೀಟು. ಮಹಾಪ್ರಾಣಗಳನ್ನು ಕನ್ನಡ ಬರಹದಿಂದ ಬಿಡಬಹುದೆಂದು ವಾದಿಸಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್. ನಾಡಿನ ವಿದ್ವಾಂಸರು ಅದನ್ನು ಬಲವಾಗಿ ವಿರೋಧಿಸಿದರು. ವಿರೋಧಿಸಿದವರಲ್ಲಿ ನಲವತ್ತೈದು ದಾಟಿದವರ ಕಣ್ಣು ಮಾತ್ರ ಯಾವ ಗದ್ದಲವೂ ಇಲ್ಲದೆ ಆ ಸುಧಾರಣೆಯನ್ನು ಆಗಲೇ ಜಾರಿಗೆ ತಂದಿತ್ತು. ಪಂಚಾಂಗದ ವಿಷಯ ಇನ್ನೂ ಗಂಭೀರ. ದಶಮಿಯೋ ದ್ವಾದಶಿಯೋ ಬಗೆಹರಿಯದೆ ಏಕಾದಶಿಯ ಉಪವಾಸ ಒಂದು ದಿನ ಆಚೀಚೆಯಾದರೆ ಪಾಪ ಯಾರ ಲೆಕ್ಕಕ್ಕೆ ಎಂಬುದನ್ನು ಧರ್ಮಶಾಸ್ತ್ರಜ್ಞರೇ ಹೇಳಬೇಕು.

ಮತಗಳಲ್ಲಿ ಮೊದಲನೆಯದು ದೀಪವಾದ. ‘ಈ ಟ್ಯೂಬ್‌ಲೈಟು ಸತ್ತುಹೋಗಿದೆ ಕಣೇ, ಬೇರೆ ತರಬೇಕು’ ಎಂಬುದು ಇದರ ಮೂಲಸೂತ್ರ. ಅದೇ ಟ್ಯೂಬ್‌ಲೈಟಿನ ಕೆಳಗೆ ಅದೇ ಹೊತ್ತಿನಲ್ಲಿ ಮಗಳು ಆರಾಮಾಗಿ ಓದುತ್ತಿದ್ದಾಳಲ್ಲ ಎಂದು ಖಂಡಿಸುವುದು ಸುಲಭ. ಆದರೆ ದೀಪವಾದಿಯನ್ನು ಹಾಗೆ ಸೋಲಿಸಲಾಗದು. ಬೆಳಕು ಹೆಚ್ಚಾದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕಿರಿದಾದ ರಂಧ್ರದ ಮೂಲಕ ಬಂದ ಕಿರಣಗಳು ಅಷ್ಟಾಗಿ ಚದುರುವುದಿಲ್ಲ, ಮಸುಕು ಕಡಿಮೆಯಾಗುತ್ತದೆ. ಕಿಟಕಿಯ ಬಳಿ ಹೋದರೆ ಪತ್ರಿಕೆ ಓದಲು ಬರುವುದು ಭ್ರಮೆಯಲ್ಲ, ಭೌತಶಾಸ್ತ್ರ. ಅನುಮಾನವಿದ್ದವರು ತೋರುಬೆರಳನ್ನು ಮಡಚಿ ಸಾಸಿವೆಯಷ್ಟು ಸಂದು ಮಾಡಿ ಅದರೊಳಗಿಂದ ಕನ್ನಡಕವಿಲ್ಲದೆ ಓದಿ ನೋಡಬಹುದು. ಅಕ್ಷರ ಸ್ಪಷ್ಟವಾಗುತ್ತದೆ, ನೋಡಿದವರು ಏನಂದುಕೊಳ್ಳುತ್ತಾರೆ ಎಂಬುದು ಪ್ರತ್ಯೇಕ ಪ್ರಶ್ನೆ.

ಈ ಮತಕ್ಕೆ ರಾಜಮರ್ಯಾದೆ ಸಿಕ್ಕಿದ್ದು 2021ರಲ್ಲಿ. ಪಾಪೆಯನ್ನು ಕಿರಿದು ಮಾಡುವ ಪೈಲೊಕಾರ್ಪಿನ್ ಎಂಬ ಹಳೆಯ ಔಷಧವನ್ನು ಚಾಳೀಸಿಗೆಂದು ಕಣ್ಣಿಗೆ ಹನಿಸಲು ಅಮೆರಿಕದ ಔಷಧ ನಿಯಂತ್ರಕರು ಆ ವರ್ಷ ಒಪ್ಪಿಗೆ ಕೊಟ್ಟರು. 2024ರಲ್ಲಿ ಭಾರತದಲ್ಲೂ ಅಂಥದೊಂದು ಹನಿಗೆ ಅನುಮತಿ ಸಿಕ್ಕಿತು. ಇನ್ನು ಕನ್ನಡಕವೇ ಬೇಡವಂತೆ ಎಂದು ಊರೆಲ್ಲ ಮಾತಾಯಿತು. ಪ್ರಚಾರದ ಮಾತು ಅಳತೆ ಮೀರಿತೆಂದು ಕೆಲವೇ ದಿನಗಳಲ್ಲಿ ಆ ಅನುಮತಿ ಅಮಾನತಾಯಿತು. ದೀಪವಾದಿಗಳು ಮತ್ತೆ ಕಿಟಕಿಯ ಬಳಿಗೆ ಹೋದರು.

ಎರಡನೆಯದು ಮುದ್ರಣವಾದ: ‘ಈಗಿನವರಿಗೆ ಅಚ್ಚು ಹಾಕುವುದಕ್ಕೇ ಬರುವುದಿಲ್ಲ.’ ಕಾಲೇಜಿನಲ್ಲಿ ರಾತ್ರಿಯಿಡೀ ಓದಿದ್ದ ಕಾದಂಬರಿಯ ಅದೇ ಪ್ರತಿಯನ್ನು ಅಟ್ಟದಿಂದ ಇಳಿಸಿ ಕೈಗೆ ಕೊಟ್ಟರೆ ಈ ವಾದ ಅಲ್ಲೇ ಕುಸಿಯಬೇಕು. ಕುಸಿಯುವುದಿಲ್ಲ. ‘ಕಾಗದ ಹಳದಿಯಾಗಿದೆ’ ಎಂಬ ಉಪಪತ್ತಿ ಸಿದ್ಧವಾಗಿರುತ್ತದೆ. ಅಚ್ಚಿನ ಮೇಲೆ ದೂರು ಹೇಳುವವರಿಗೆ ವಿಯೆನ್ನಾದ ಎಡ್ವರ್ಡ್ ಯೇಗರ್ ಎಂಬ ನೇತ್ರತಜ್ಞ 1854ರಲ್ಲೇ ಉತ್ತರ ಕೊಟ್ಟಿದ್ದಾನೆ. ಚಿಕ್ಕದರಿಂದ ದೊಡ್ಡದಕ್ಕೆ ಏರುವ ಅಕ್ಷರಗಳ ವಾಕ್ಯಗಳನ್ನು ಅಚ್ಚು ಹಾಕಿಸಿ, ಅದನ್ನೇ ಕಣ್ಣಿನ ಅಳತೆಗೋಲು ಮಾಡಿದ. ಅಂದಿನಿಂದ ಅಚ್ಚು ಆರೋಪಿಯ ಸ್ಥಾನದಿಂದ ಸಾಕ್ಷಿಯ ಕಟಕಟೆಗೆ ಬಂತು. ಇಂದಿನ ಮುದ್ರಣವಾದಿಗಳು ಫೋನಿನ ಸೆಟ್ಟಿಂಗಿಗೆ ಹೋಗಿ ಅಕ್ಷರವನ್ನು ಕೊನೆಯ ಗಾತ್ರಕ್ಕೆ ಏರಿಸಿಕೊಂಡು ಗೆದ್ದೆವೆಂದು ತಿಳಿದಿದ್ದಾರೆ. ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೂ ಅವರ ಮನೆಯ ವಿಚಾರ ತಿಳಿಯುತ್ತಿರುವುದು ಅವರಿಗೆ ತಿಳಿದಂತಿಲ್ಲ.

ಮೂರನೆಯ ಹಸ್ತವಾದ ಎಲ್ಲಕ್ಕಿಂತ ಪ್ರಬಲ, ಏಕೆಂದರೆ ಅದಕ್ಕೆ ಗಣಿತದ ಬೆಂಬಲವಿದೆ. ಕಣ್ಣು ಹತ್ತಿರದ್ದಕ್ಕೆ ಹೊಂದಿಕೊಳ್ಳುವ ಶಕ್ತಿಯನ್ನು ಡಯಾಪ್ಟರುಗಳಲ್ಲಿ ಅಳೆಯುತ್ತಾರೆ. ಹಾಫ್‌ಸ್ಟೆಟರ್ ಎಂಬವನ ಸೂತ್ರ ಇಂದಿಗೂ ಬಳಕೆಯಲ್ಲಿದೆ: 18.5ರಿಂದ ವಯಸ್ಸಿನ ಹತ್ತನೇ ಮೂರು ಭಾಗವನ್ನು ಕಳೆದರೆ ಆ ವಯಸ್ಸಿನ ಸರಾಸರಿ ಶಕ್ತಿ ಸಿಗುತ್ತದೆ. ಹತ್ತು ವರ್ಷದ ಹುಡುಗನಿಗೆ 15.5. ನಲವತ್ತೈದಕ್ಕೆ 5. ಅರವತ್ತಕ್ಕೆ ಅರ್ಧ. ಪುಸ್ತಕವನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದು ಓದಲು 2.5 ಬೇಕು, ಮತ್ತು ಇರುವುದರಲ್ಲಿ ಅರ್ಧವನ್ನು ಕೈಯಲ್ಲಿಟ್ಟುಕೊಂಡರೆ ಮಾತ್ರ ಕಣ್ಣಿಗೆ ಆಯಾಸವಿಲ್ಲ. ಅಂದರೆ ಲೆಕ್ಕ ಸರಿಯಾಗಿ ನಲವತ್ತೈದಕ್ಕೆ ಮುಗಿಯುತ್ತದೆ.

ಆದರೆ ಕೈ ಚಾಚಿದರೆ? ತೋಳು 65 ಸೆಂಟಿಮೀಟರ್ ಎಂದಿಟ್ಟುಕೊಂಡು ಇದೇ ಲೆಕ್ಕ ಮುಂದುವರಿಸಿದರೆ ಗಡುವು ಐವತ್ತೊಂದಕ್ಕೆ ಹೋಗುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಆರು ವರ್ಷದ ಲಾಭ! ಹಸ್ತವಾದಿಗಳು ಇಷ್ಟಕ್ಕೇ ನಿಂತರೆ ಗೆದ್ದಂತೆ. ತೊಡಕಿರುವುದು ಇನ್ನೊಂದು ಕಡೆ. ನಲವತ್ತರಿಂದ ಅರವತ್ತೈದಕ್ಕೆ ದೂರ ಸರಿದ ಅಕ್ಷರ ಕಣ್ಣಿಗೆ ಮೂರನೇ ಎರಡು ಭಾಗಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ದೂರ ಹಿಡಿದಷ್ಟೂ ಸ್ಪಷ್ಟ, ಸ್ಪಷ್ಟವಾದಷ್ಟೂ ಸಣ್ಣದು. ಮದುವೆಯ ಆಮಂತ್ರಣವನ್ನು ಹೀಗೆ ಚಾಚಿ ಹಿಡಿದು, ಕತ್ತನ್ನು ಹಿಂದಕ್ಕೆ ಎಳೆದುಕೊಂಡು, ವಧುವಿನ ಹೆಸರು ಹುಡುಕುತ್ತಿರುವಾಗಲೇ ‘ಅಪ್ಪಾ, ಇನ್ನೊಂಚೂರು ದೂರ ಹಿಡಿದ್ರೆ ಎದುರುಮನೆ ಆಂಟೀನೇ ಓದಿ ಹೇಳ್ತಾರೆ’ ಎಂಬ ಖಂಡನವಾಕ್ಯ ಒಳಮನೆಯಿಂದ ಕೇಳಿಬರುವುದು.

ಈ ಮೂರೂ ಮತಗಳ ಹೊರಗೆ ನಿಂತು ಮುಗುಳ್ನಗುವವರು ಸಮೀಪದೃಷ್ಟಿಯವರು. ಶಾಲೆಯಲ್ಲಿ ‘ಸೋಡಾಗ್ಲಾಸ್’ ಎಂದು ಕರೆಸಿಕೊಂಡವರು ಇವರೇ. ಮೈನಸ್ ಎರಡೂವರೆಯ ಕಣ್ಣಿಗೆ ಕನ್ನಡಕ ತೆಗೆದರೆ ಸಾಕು, 40 ಸೆಂಟಿಮೀಟರಿನಲ್ಲಿ ಅಕ್ಷರ ತಾನಾಗಿ ನಿಚ್ಚಳ. ‘ನಮಗೆ ಚಾಳೀಸೇ ಬರಲಿಲ್ಲ ನೋಡಿ’ ಎನ್ನುತ್ತಾರೆ. ಬಂದಿದೆ, ಹಳೆಯ ದೋಷ ಹೊಸದನ್ನು ಮುಚ್ಚಿಹಾಕಿದೆ ಅಷ್ಟೆ.

ಸಿದ್ಧಾಂತಕ್ಕೆ ಬರೋಣ. ಕಣ್ಣು ಹತ್ತಿರದ್ದನ್ನು ನೋಡುವಾಗ ಒಳಗೆ ಬದಲಾಗುವುದೇನು ಎಂಬುದನ್ನು 1801ರಲ್ಲಿ ಲೋಕದ ಮುಂದಿಟ್ಟವನು ಥಾಮಸ್ ಯಂಗ್. ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ, ಅಂದರೆ ಈ ಶಾಸ್ತ್ರದ ಅಧಿಕಾರಿಯೇ ಅಲ್ಲ. ಆದರೂ ಅವನ ನಿಷ್ಠೆ ಮೆಚ್ಚಬೇಕಾದದ್ದು. ಕಣ್ಣಿಗೆ ನೀರು ತುಂಬಿದ ಕೊಳವೆಯನ್ನು ಹಚ್ಚಿಕೊಂಡು ಹೊರಪದರದ ಪ್ರಭಾವವನ್ನು ಅಳಿಸಿದ. ಕಣ್ಣುಗುಡ್ಡೆ ಉದ್ದವಾಗುತ್ತದೆಯೇ ಎಂದು ತಿಳಿಯಲು ಬೀಗದ ಕೈಯ ಬಳೆಯನ್ನು ಕಣ್ಣಿನ ಹೊರಮೂಲೆಯಲ್ಲಿ ಗುಡ್ಡೆಯ ಹಿಂದಕ್ಕೆ ತುರುಕಿಕೊಂಡ. (ಓದುಗರು ಬೆರಳಿನ ಪ್ರಯೋಗಕ್ಕೇ ತೃಪ್ತರಾಗುವುದು ಒಳ್ಳೆಯದು.) ಆಕಾರ ಬದಲಿಸುವುದು ಒಳಗಿನ ಮಸೂರವೇ ಎಂದು ಅವನು ತೀರ್ಮಾನಿಸಿದ. ಮಸೂರದ ಸುತ್ತಲಿನ ಸ್ನಾಯು ಬಿಗಿದಾಗ ಮಸೂರವನ್ನು ಹಿಡಿದಿರುವ ಎಳೆಗಳು ಸಡಿಲಗೊಂಡು ಅದು ಉಬ್ಬುತ್ತದೆ ಎಂಬ ವಿವರಣೆ 1855ರಲ್ಲಿ ಹೆಲ್ಮ್‌ಹೋಲ್ಟ್ಸನಿಂದ ಬಂತು. ವಯಸ್ಸಿನ ಜೊತೆ ಈ ಶಕ್ತಿ ಹೇಗೆ ಇಳಿಯುತ್ತದೆ ಎಂಬುದನ್ನು ಉಟ್ರೆಕ್ಟಿನ ಡಾಂಡರ್ಸ್ 1864ರ ಗ್ರಂಥದಲ್ಲಿ ದಾಖಲಿಸಿದ. ಮಸೂರ ಹುಟ್ಟಿದಂದಿನಿಂದ ಬೆಳೆಯುತ್ತಲೇ ಇರುತ್ತದೆ, ಹಳೆಯ ಎಳೆಗಳನ್ನು ಉದುರಿಸುವುದಿಲ್ಲ, ನಡುಭಾಗ ಗಟ್ಟಿಯಾಗುತ್ತ ಹೋಗುತ್ತದೆ. ವಿಚಿತ್ರವೆಂದರೆ ಸ್ನಾಯು ಮುಪ್ಪಿನಲ್ಲೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ತಾಲ್ಲೂಕು ಕಚೇರಿಯ ಶ್ರದ್ಧಾವಂತ ಗುಮಾಸ್ತನಂತೆ ಅದು ದಿನವೂ ಹಾಜರು, ಅಲುಗಾಡದಿರುವುದು ಫೈಲು.

ಪರಿಹಾರದ ಇತಿಹಾಸದಲ್ಲೂ ಕೃತ್ರಿಮಗಳಿಗೆ ಕೊರತೆಯಿಲ್ಲ. 1306ರಲ್ಲಿ ಫ್ಲಾರೆನ್ಸಿನಲ್ಲಿ ಪ್ರವಚನ ಮಾಡುತ್ತ ಜೊರ್ಡಾನೊ ಎಂಬ ಪಾದ್ರಿ, ಕನ್ನಡಕದ ಕಲೆ ಕಂಡುಹಿಡಿದು ಇನ್ನೂ ಇಪ್ಪತ್ತು ವರ್ಷವಾಗಿಲ್ಲ, ಮಾಡಿದವನನ್ನು ತಾನೇ ಕಂಡಿದ್ದೇನೆ ಎಂದ. ಹೆಸರು ಮಾತ್ರ ಹೇಳಲಿಲ್ಲ. ಆ ಖಾಲಿ ಜಾಗವನ್ನು 17ನೆಯ ಶತಮಾನದ ಇತಿಹಾಸಕಾರನೊಬ್ಬ ಅದೇ ಊರಿನ ಸಾಲ್ವಿನೊ ಎಂಬವನ ಹೆಸರಿನಿಂದ ತುಂಬಿ, ಅವನ ಗೋರಿಯ ಬರಹವನ್ನೂ ಒದಗಿಸಿದ. ಅದು ಕಟ್ಟುಕತೆ ಎಂದು ತಿಳಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ತ್ರೆವೀಸೊ ಊರಿನಲ್ಲಿ 1352ರ ಭಿತ್ತಿಚಿತ್ರವೊಂದರಲ್ಲಿ ಯೂಗ್ ಎಂಬ ಕಾರ್ಡಿನಲ್ ಮೂಗಿನ ಮೇಲೆ ಕನ್ನಡಕವಿಟ್ಟುಕೊಂಡು ಬರೆಯುತ್ತ ಕೂತಿದ್ದಾನೆ. ಪಾಪ, ಅವನು 1263ರಲ್ಲೇ ತೀರಿಕೊಂಡಿದ್ದ. ವಿದ್ವಾಂಸನೆಂದರೆ ಕನ್ನಡಕ ಇರಲೇಬೇಕೆಂಬ ನಂಬಿಕೆ ಆಗಲೇ ಅಷ್ಟು ಗಟ್ಟಿಯಾಗಿತ್ತು.

ಕರ್ನಾಟಕದ ಪಾಲು ಇದಕ್ಕಿಂತ ಗೌರವದ್ದು. ವಿಜಯನಗರದ ವ್ಯಾಸರಾಯರ ಚರಿತ್ರೆಯನ್ನು ಹೇಳುವ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಅವರು ಓದುವಾಗ ಕನ್ನಡಕ ಬಳಸುತ್ತಿದ್ದುದರ ಉಲ್ಲೇಖವಿದೆಯೆಂದು ಪುಣೆಯ ಪಿ.ಕೆ. ಗೋಡೆ ಗುರುತಿಸಿದ್ದಾರೆ. ಕಾಲ ಸುಮಾರು 1520, ಯತಿಗಳಿಗೆ ಆಗ ಅರವತ್ತರ ಆಸುಪಾಸು. ನಮ್ಮ ಸೂತ್ರದ ಪ್ರಕಾರ ಅರ್ಧ ಡಯಾಪ್ಟರ್. ಪುರಂದರದಾಸರ ಗುರುಗಳೇ ಸಂಕೋಚವಿಲ್ಲದೆ ಧರಿಸಿದ್ದನ್ನು ಧರಿಸಲು ಇಂದಿನ ಸಹಾಯಕ ಪ್ರಾಧ್ಯಾಪಕರು ಹಿಂಜರಿಯುವುದೇಕೆಂದು ಪ್ರಬಂಧಕಾರನಿಗೆ ಅರ್ಥವಾಗಿಲ್ಲ.

ಕನ್ನಡಕಗಳಲ್ಲೂ ಮತತ್ರಯವುಂಟು. ಬರೀ ಓದುವ ಗಾಜು ಅದ್ವೈತ: ಅಂಗೈ ಮುಂದಿನ ಪುಟವೊಂದೇ ಸತ್ಯ, ಅದರಾಚೆಯ ಜಗತ್ತೆಲ್ಲ ಮಿಥ್ಯೆ. ಒಂದೇ ಚೌಕಟ್ಟಿನಲ್ಲಿ ದೂರಕ್ಕೊಂದು ಹತ್ತಿರಕ್ಕೊಂದು ಗಾಜಿದ್ದು, ನಡುವೆ ಗೆರೆ ಸ್ಪಷ್ಟವಾಗಿ ಕಾಣುವ ಬೈಫೋಕಲ್ ದ್ವೈತ. ಅದನ್ನು 1785ರ ಪತ್ರದಲ್ಲಿ ಬಣ್ಣಿಸಿದವನು ಎಪ್ಪತ್ತೊಂಬತ್ತರ ಬೆಂಜಮಿನ್ ಫ್ರಾಂಕ್ಲಿನ್. ಪ್ಯಾರಿಸ್ಸಿನ ಊಟದ ಮೇಜಿನಲ್ಲಿ ಕೆಳಗಾಜಿನಿಂದ ತಟ್ಟೆಯೂ ಮೇಲ್ಗಾಜಿನಿಂದ ಎದುರಿನವರ ಮುಖವೂ ಕಾಣುತ್ತಿದ್ದವು, ಮುಖಭಾವ ಕಂಡರೆ ಫ್ರೆಂಚ್ ಭಾಷೆ ಚೆನ್ನಾಗಿ ತಿಳಿಯುತ್ತಿತ್ತಂತೆ. ಹೀಗಾಗಿ ದ್ವೈತ ವೇದಾಂತದ ಮಹಾತಾರ್ಕಿಕರಾದ ವ್ಯಾಸರಾಯರಿಗೆ ಸಿಕ್ಕಿದ್ದು ಅದ್ವೈತ ಕನ್ನಡಕ. ದ್ವೈತದ್ದು ಬರಲು ಇನ್ನೂ ಎರಡೂವರೆ ಶತಮಾನ ಬೇಕಿತ್ತು. ಗೆರೆಯಿಲ್ಲದೆ ಶಕ್ತಿ ಮೆಲ್ಲಗೆ ಬದಲಾಗುವ ಪ್ರೊಗ್ರೆಸಿವ್, 1959ರಲ್ಲಿ ಫ್ರಾನ್ಸಿನಲ್ಲಿ ಮಾರುಕಟ್ಟೆಗೆ ಬಂದದ್ದು, ವಿಶಿಷ್ಟಾದ್ವೈತ. ‘ಒಂದು ವಾರ ಅಡ್ಜಸ್ಟ್ ಆಗ್ಬೇಕು ಸಾರ್’ ಎಂದು ಅಂಗಡಿಯವರು ಹೇಳುವುದು ಇದನ್ನು ಕೊಳ್ಳುವಾಗ. ಆ ವಾರವೆಲ್ಲ ಮೆಟ್ಟಿಲು ಇಳಿಯುವಾಗ ಗಲ್ಲ ಎದೆಗೆ ಹಚ್ಚಿಕೊಂಡಿರಬೇಕು.

ಪ್ರಯೋಜನವನ್ನು ಮುಂದೆ ಹೇಳುವುದಾಗಿ ಮಾತು ಕೊಡಲಾಗಿತ್ತು. ವಾದ ಹೂಡಲು ಜಗಲಿ ಬೇಕು, ಪುರುಸೊತ್ತು ಬೇಕು. ಅಸ್ಸಾಮಿನ ಟೀ ತೋಟದಲ್ಲಿ ಎಲೆ ಬಿಡಿಸುವವರಿಗೆ ಅವೆರಡೂ ಇಲ್ಲ. ಅಲ್ಲಿ ನಲವತ್ತು ದಾಟಿದ 751 ಕೆಲಸಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಓದುವ ಕನ್ನಡಕ ಕೊಟ್ಟು, ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕನ್ನಡಕ ಹಾಕಿದವರ ದಿನದ ಎಲೆಯ ತೂಕ ಉಳಿದವರಿಗಿಂತ ಶೇ. 21ಕ್ಕೂ ಹೆಚ್ಚು ಮೇಲೇರಿತ್ತು. ಅವರಲ್ಲಿ ಯಾರೂ ಪುಸ್ತಕ ಓದುತ್ತಿರಲಿಲ್ಲ, ಚಿಗುರನ್ನು ಆರಿಸುತ್ತಿದ್ದರು. 2015ರ ಅಂದಾಜಿನಂತೆ ಜಗತ್ತಿನಲ್ಲಿ ಚಾಳೀಸಿನವರು 180 ಕೋಟಿ, ಅವರಲ್ಲಿ ಸರಿಯಾದ ಕನ್ನಡಕವಿಲ್ಲದವರು 82 ಕೋಟಿಗೂ ಹೆಚ್ಚು. ಅಷ್ಟೂ ಜನ ದೀಪವಾದಿಗಳೋ ಹಸ್ತವಾದಿಗಳೋ ಆಗಿದ್ದರೆ ಚಿಂತೆಯಿರಲಿಲ್ಲ. ಬಹುಪಾಲು ಜನರಿಗೆ ಕೊಳ್ಳಲು ಅಂಗಡಿಯೋ ದುಡ್ಡೋ ಇಲ್ಲ. ಜಗಲಿಯ ಮೇಲಿನವನ ಕನ್ನಡಕ ಮಾತ್ರ ಡಬ್ಬಿಯಲ್ಲಿ ಮಲಗಿದೆ, ನೆಂಟರು ಹೋಗಲಿ ಎಂದು.

ಕಡೆಯದಾಗಿ ಫಲಶ್ರುತಿ. ಇದನ್ನು ಮುಖದ ಹತ್ತಿರ ಹಿಡಿದು ತಡೆಯಿಲ್ಲದೆ ಓದಿದವರು ಎಳೆಯರು, ಅವರಿಗೆ ಸದ್ಯಕ್ಕೆ ಫಲವಿಲ್ಲ. ಕೈ ಚಾಚಿ ಓದಿದವರಿಗೆ ಇದೇ ತಿಂಗಳು ಪ್ಲಸ್ ಒಂದೂವರೆಯ ಯೋಗವುಂಟು. ಮಗಳಿಂದ ಓದಿಸಿ ಕೇಳಿದವರಿಗೂ ಓದಿದಷ್ಟೇ ಪುಣ್ಯ, ಅವಳ ಟೀಕೆ ಉಚಿತ. ಪವರು ಅರವತ್ತು ದಾಟುವ ಹೊತ್ತಿಗೆ ಪ್ಲಸ್ ಎರಡೂವರೆಯ ಸುಮಾರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆಗೆ ಪೊರೆಯ ಕಾಂಡ ಶುರು, ಅದರ ಪೂರ್ವಪಕ್ಷಗಳೇ ಬೇರೆ.